ಆನ್‌ಲೈನ್ ಸೇವೆ ನಿಮ್ಮೂರಲ್ಲಿ ಸರಿಯಾಗಿ ಸಿಗಬೇಕಾದರೆ: ಅರ್ಜಿಯಿಂದ ಗ್ರಾಮಸಭೆಯವರೆಗೆ

"ಸರ್ವರ್ ಇಲ್ಲ, ನಾಳೆ ಬರ್ರಿ ಅಂತಾರೆ. ನಾಳೆ ಹೋದರೂ ಅದೇ ಮಾತು. ಏನು ಮಾಡಬೇಕು?" ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಒಬ್ಬರಿಗೆ ಜಾತಿ ಮತ್ತು ಆದಾಯ ಪತ್ರ ಬೇಕು. ಇನ್ನೊಬ್ಬರಿಗೆ ವಿಧವಾ ವೇತನ. ಮತ್ತೊಬ್ಬರ ಮಗಳಿಗೆ 371ಜೆ ಅರ್ಹತಾ ಪತ್ರ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಯಲ್ಲಿ ಇರುವ ಮೀಸಲಾತಿಯ ಪತ್ರ. ಸೇವೆ ಬೇರೆ ಬೇರೆ, ತೊಡಕು ಮಾತ್ರ ಹೆಚ್ಚುಕಡಿಮೆ ಒಂದೇ.

ಇದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ. ನನ್ನ ಕೆಲಸ ಹೇಗೋ ಆಯ್ತು, ಊರಿನ ಉಳಿದವರ ಗತಿ ಏನು? ಈ ಸೇವೆಗಳು ಸುಧಾರಿಸೋದು ಯಾವಾಗ? ಎರಡಕ್ಕೂ ಸೇರಿಸಿಯೇ ಉತ್ತರ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸರ್ಕಾರದ ಕಂಪ್ಯೂಟರಿಗೆ ಕಾಣುವುದು ನಂಬರ್ ಬಿದ್ದ ಅರ್ಜಿಗಳು ಮಾತ್ರ. ಕೌಂಟರಿನಿಂದಲೇ ವಾಪಸ್ ಹೋದವರು, ಓಟಿಪಿ ಬರದೆ ಎದ್ದು ಹೋದವರು, ಥಂಬ್ ತಗೊಳ್ಳದೆ ಮನೆಗೆ ನಡೆದವರು ಯಾವ ಲೆಕ್ಕದಲ್ಲೂ ಇರುವುದಿಲ್ಲ. ಬಾಕಿ ಅರ್ಜಿ ಇಷ್ಟೇ ಅಂತ ಮೇಲಿನ ಕಚೇರಿಯ ಸಭೆಯಲ್ಲಿ ತೋರಿಸುವ ಅಂಕಿ ಸುಳ್ಳೇನಲ್ಲ. ಆದರೆ ವಾಪಸ್ ಹೋದ ನೀವು ಅದರಲ್ಲಿಲ್ಲ. ಹಾಗಾಗಿ ಕೆಳಗಿನ ಹಂತಗಳ ಗುರಿ ಒಂದೇ: ನೀವು ಲೆಕ್ಕಕ್ಕೆ ಬರಬೇಕು. ಮೊದಲು ನಿಮ್ಮ ಅರ್ಜಿ, ಆಮೇಲೆ ನಿಮ್ಮ ಊರಿನ ತೊಂದರೆ.

ಮೊದಲು ಕೆಲವು ಹೆಸರುಗಳು

ನಾಡಕಚೇರಿ ಅಂದರೆ ಹೋಬಳಿ ಮಟ್ಟದ ಕಂದಾಯ ಕಚೇರಿ. ಬೋರ್ಡಿನ ಮೇಲೆ ಅಟಲ್‌ಜೀ ಜನಸ್ನೇಹಿ ಕೇಂದ್ರ ಅಂತಲೂ ಇರುತ್ತದೆ. ಜಾತಿ, ಆದಾಯ, ವಾಸಸ್ಥಳ ಪತ್ರ ಮತ್ತು ಪಿಂಚಣಿ ಅರ್ಜಿಗಳು ಇಲ್ಲಿ. ಸೇವಾಸಿಂಧು ಅಂದರೆ ಹಲವು ಇಲಾಖೆಗಳ ಸೇವೆಗೆ ಒಂದೇ ಕಡೆ ಅರ್ಜಿ ಹಾಕುವ ರಾಜ್ಯ ಸರ್ಕಾರದ ಜಾಲತಾಣ. ಅದನ್ನು ಮನೆಯಲ್ಲೇ ತೆರೆಯಬಹುದು. ಇಲ್ಲವೇ ಹಳ್ಳಿಯಲ್ಲಿ ಗ್ರಾಮ ಒನ್‌ಗೆ, ಕಲಬುರಗಿಯಂಥ ನಗರದಲ್ಲಿ ಕರ್ನಾಟಕ ಒನ್‌ಗೆ ಹೋಗಿ ಹಾಕಿಸಬಹುದು. ಗ್ರಾಮ ಪಂಚಾಯಿತಿ ಕಟ್ಟಡದಲ್ಲೇ ಇರುವುದು ಬಾಪೂಜಿ ಸೇವಾ ಕೇಂದ್ರ.

ಸಕಾಲ ಅಂದರೆ ಇಷ್ಟು ದಿನದೊಳಗೆ ಸೇವೆ ಕೊಡಲೇಬೇಕು ಅಂತ ಹೇಳುವ 2011ರ ರಾಜ್ಯ ಕಾಯ್ದೆ. ಅದರ ಅಡಿ ಬರುವ ಅರ್ಜಿಗೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕೊಡುತ್ತಾರೆ. ಹಿಂಬರಹ ಅಂದರೆ ನಿಮ್ಮ ಅರ್ಜಿಗೆ ಕಚೇರಿ ಬರಹದಲ್ಲಿ ಕೊಡುವ ಉತ್ತರ. ಈ ಎರಡು ಹೆಸರು ನೆನಪಿಡಿ, ಮುಂದೆ ಜಾಸ್ತಿ ಬೇಕಾಗುತ್ತವೆ.

ಕೈಯಲ್ಲಿ ಇರಬೇಕಾದ್ದು ಕಡಿಮೆ. ಒಂದು ನೋಟ್‌ಬುಕ್, ಪೆನ್ನು, ಫೋಟೋ ತೆಗೆಯುವ ಫೋನು, ದಾಖಲೆಗಳ ಜೆರಾಕ್ಸ್.

ಹಂತ 1: ಸೇವೆ ಯಾರದ್ದು ಅಂತ ಮೊದಲು ತಿಳಿಯಿರಿ

ಕಂಪ್ಯೂಟರ್ ಮುಂದೆ ಕೂತವರು ಅರ್ಜಿ ಮುಂದಕ್ಕೆ ಕಳಿಸುವವರು. ಮಂಜೂರು ಮಾಡುವವರು ಬೇರೆ. ಆಪರೇಟರ್ ಮೇಲೆ ರೇಗಿ ಪ್ರಯೋಜನವಿಲ್ಲ. ವೃದ್ಧಾಪ್ಯ ಮತ್ತು ವಿಧವಾ ವೇತನ, ಜಾತಿ ಆದಾಯ ಪತ್ರ, ಪಹಣಿ ಕಂದಾಯ ಇಲಾಖೆಗೆ ಸೇರಿದ್ದು. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ರೇಷನ್ ಕಾರ್ಡ್ ಆಹಾರ ಇಲಾಖೆಯದು. ಹಳ್ಳಿ ಮನೆಯ ಇ-ಸ್ವತ್ತು, ಅಂದರೆ ಆಸ್ತಿಯ ದಾಖಲೆ, ಗ್ರಾಮ ಪಂಚಾಯಿತಿಯದು. 371ಜೆ ಅರ್ಹತಾ ಪತ್ರಕ್ಕೆ ಸಹಿ ಹಾಕುವವರು ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಸಾಹೇಬರು. ಆಧಾರ್ ಕೇಂದ್ರ ಸರ್ಕಾರದ್ದು, ಅದನ್ನು ತಹಶೀಲ್ದಾರ್ ಕೂಡ ತಿದ್ದಲಾರರು.

ಹೊಸ ಅರ್ಜಿ ಹಾಕುವ ಮೊದಲು ಹಳೆಯ ಪತ್ರ ಇನ್ನೂ ನಡೆಯುತ್ತದೆಯೋ ನೋಡಿ. ಆದಾಯ ಪತ್ರ 5 ವರ್ಷ ಚಾಲ್ತಿಯಲ್ಲಿರುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ರ ಜಾತಿ ಪತ್ರಕ್ಕೆ ಅವಧಿ ಮುಗಿಯುವ ಮಾತೇ ಇಲ್ಲ. ಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ಸಂಖ್ಯೆ ಇದ್ದರೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾಲೇಜು, ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಕೇಳುವುದು ಆ ಸಂಖ್ಯೆಯನ್ನೇ.

ಹಂತ 2: ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ಹೊಂದಿಸಿಕೊಳ್ಳಿ

ನಮ್ಮ ಕಡೆ ಅರ್ಜಿ ಬೀಳುವುದು ಇಲ್ಲಿ. ಇದಕ್ಕೆ ಕಾರಣ ಜನರ ಅಜಾಗರೂಕತೆ ಅಂತ ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಈ ಮೂರೂ ಜಿಲ್ಲೆಗಳು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು. ಹಳೆಯ ಜಮೀನಿನ ಕಾಗದಗಳು ಉರ್ದುವಿನಲ್ಲಿವೆ. ಅಲ್ಲಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷ್ ಅಕ್ಷರಕ್ಕೆ ಬರುವಾಗ ಒಂದೇ ಹೆಸರು ಹಲವು ರೂಪ ಪಡೆದಿದೆ. ಪಹಣಿಯಲ್ಲಿ "ಶರಣಪ್ಪ ತಂದೆ ಬಸಪ್ಪ" ಅಂತ ಇರುತ್ತದೆ. ಆಧಾರಿನಲ್ಲಿ ಬರೀ ಶರಣಪ್ಪ. ಬ್ಯಾಂಕಿನಲ್ಲಿ ಹೆಸರಿನ ಜೊತೆ ಊರಿನ ಹೆಸರು ಅಡ್ಡಹೆಸರಾಗಿ ಕೂತಿರುತ್ತದೆ. ಬೀದರ್ ಕಡೆ ಮರಾಠಿ ರೀತಿಯ ಹೆಸರುಗಳು, ಸೇಡಂ ಮತ್ತು ಗುರುಮಠಕಲ್ ಕಡೆ ತೆಲುಗು ರೀತಿಯವು. ಮನುಷ್ಯರಿಗೆ ಇವೆಲ್ಲ ಒಬ್ಬರೇ ಅಂತ ಗೊತ್ತಾಗುತ್ತದೆ. ಕಂಪ್ಯೂಟರ್ ಒಂದು ಅಕ್ಷರ ಬೇರೆಯಾದರೂ ಬೇರೆ ಮನುಷ್ಯ ಅಂತ ತಿಳಿಯುತ್ತದೆ.

ಹೀಗೆ ಮಾಡಿ. ಆಧಾರ್, ಪಹಣಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಓದಿದವರಾದರೆ ಹತ್ತನೇ ತರಗತಿಯ ಅಂಕಪಟ್ಟಿ, ಎಲ್ಲವನ್ನೂ ಸಾಲಾಗಿ ಇಡಿ. ಪ್ರತಿಯೊಂದರಲ್ಲಿ ಹೆಸರು ಹೇಗಿದೆ ಅಂತ ಅಕ್ಷರ ಬಿಡದೆ ಬರೆದುಕೊಳ್ಳಿ. ಯಾವುದೋ ಒಂದನ್ನು ಮೂಲ ಅಂತ ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸಿ. ಓದಿದವರಿಗೆ ಅಂಕಪಟ್ಟಿ ಮೂಲವಾಗಿರಲಿ, ಯಾಕೆಂದರೆ ಅದನ್ನು ತಿದ್ದಿಸುವುದು ಬಹಳ ಕಷ್ಟ. ಉಳಿದವರಿಗೆ ಆಧಾರ್.

ಎಚ್ಚರ: ಆಧಾರಿನಲ್ಲಿ ಹೆಸರನ್ನು ಎರಡು ಸಲ ಮಾತ್ರ ಬದಲಾಯಿಸಬಹುದು, ಹುಟ್ಟಿದ ದಿನಾಂಕವನ್ನು ಒಂದೇ ಸಲ. ಸುಮ್ನೆ ಒಂದು ಅರ್ಜಿಗಾಗಿ ಅವಸರದಲ್ಲಿ ತಿದ್ದಿಸಬೇಡಿ. ಎಲ್ಲ ದಾಖಲೆ ನೋಡಿ, ಒಂದೇ ಸಲ ಸರಿಯಾಗಿ ಮಾಡಿಸಿ.

ಎಚ್ಚರ: "ಒಂದು ಅಫಿಡವಿಟ್ ಮಾಡ್ಸಿಬಿಡ್ರಿ, ಸಾಕು" ಅಂತ ಕಚೇರಿ ಬಾಗಿಲಲ್ಲಿ ಹೇಳುವವರು ಸಿಗುತ್ತಾರೆ. ಅಫಿಡವಿಟ್ ಅಂದರೆ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ ಅಷ್ಟೇ. ಅದರಿಂದ ಕಂಪ್ಯೂಟರಿನಲ್ಲಿರುವ ಹೆಸರು ತಾನಾಗಿ ಬದಲಾಗುವುದಿಲ್ಲ. ಪಹಣಿ ತಿದ್ದುಪಡಿಗೆ ಬೇರೆ ಅರ್ಜಿ ಕೊಡಬೇಕು, ಬ್ಯಾಂಕಿನಲ್ಲಿ ಬೇರೆ.

ಇನ್ನು ಫೋನ್ ನಂಬರ್. ಕೆಲಸಕ್ಕೆ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋಗುವ ಮನೆಗಳಲ್ಲಿ ಆಧಾರಿಗೆ ಜೋಡಿಸಿದ ನಂಬರು ಗಂಡನದ್ದೋ ಮಗನದ್ದೋ ಆಗಿರುತ್ತದೆ. ಓಟಿಪಿ, ಅಂದರೆ ಒಂದೇ ಸಲ ಬಳಸುವ ಗುಪ್ತ ಅಂಕಿ, ಅಲ್ಲಿಗೆ ಹೋಗುತ್ತದೆ. ಅವರು ಸೆಂಟ್ರಿಂಗ್ ಕೆಲಸದಲ್ಲಿ ಫೋನ್ ಎತ್ತುವಷ್ಟರಲ್ಲಿ ಅದರ ಗಡುವು ಮುಗಿದಿರುತ್ತದೆ. ಊರಲ್ಲಿ ಉಳಿಯುವವರ ಆಧಾರಿಗೆ ಊರಲ್ಲಿ ಉಳಿಯುವ ನಂಬರನ್ನೇ ಜೋಡಿಸಿ. ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋದರೆ ನಂಬರ್ ಬದಲಿಸಲು ಬೇರೆ ದಾಖಲೆ ಕೇಳುವುದಿಲ್ಲ. ಕೂಲಿ ಮಾಡಿ ಬೆರಳ ಗೆರೆ ಸವೆದವರು ಇದೇ ಸಲ ಬೆರಳಚ್ಚು, ಕಣ್ಣಿನ ಗುರುತನ್ನೂ ಹೊಸದಾಗಿ ಕೊಟ್ಟುಬರಲಿ.

ಹಣ ಬರುವ ಯೋಜನೆಯಾದರೆ ಖಾತೆಯನ್ನೂ ನೋಡಬೇಕು. ಡಿಬಿಟಿ, ಅಂದರೆ ನೇರ ನಗದು ವರ್ಗಾವಣೆ, ಹೋಗುವುದು ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಹೋಗುತ್ತದೆ ಅಂತೇನಿಲ್ಲ. ಹಣ ಬಂದಿಲ್ಲ ಅಂತ ದೂರು ಕೊಡುವ ಮೊದಲು, ಎಂದೋ ತೆರೆದು ಮರೆತ ಖಾತೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ.

ಹಂತ 3: ಅರ್ಜಿ ಹಾಕಿ, ನಂಬರ್ ಪಡೆದೇ ಏಳಿ

"ಕಾಗದ ಇಟ್ಟು ಹೋಗ್ರಿ, ಸಂಜೆ ಹಾಕ್ತೀವಿ" ಅಂದರೆ ಒಪ್ಪಬೇಡಿ. ಅರ್ಜಿ ಕಂಪ್ಯೂಟರಿಗೆ ಏರಿ ನಂಬರ್ ಬೀಳುವವರೆಗೆ ದಿನಗಳ ಲೆಕ್ಕ ಶುರುವಾಗುವುದೇ ಇಲ್ಲ. ನೀವು ತಿಂಗಳು ಕಾದರೂ ಕಾನೂನಿನ ಕಣ್ಣಿಗೆ ನೀವು ಅರ್ಜಿಯೇ ಹಾಕಿಲ್ಲ.

ಕಳಿಸುವ ಬಟನ್ ಒತ್ತುವ ಮೊದಲು ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ. ಓದಲು ಬಾರದವರು ಓದಿ ಹೇಳಿಸಿಕೊಳ್ಳಿ. ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಹೋಬಳಿ, ತಾಲ್ಲೂಕು, ಫೋನ್ ನಂಬರ್, ಇಷ್ಟು ನೋಡಲೇಬೇಕು. ಊರಿನ ಪಟ್ಟಿಯಲ್ಲಿ ತಪ್ಪು ಸಾಮಾನ್ಯ. ಕಮಲಾಪುರ, ಕಾಳಗಿ, ಯಡ್ರಾಮಿ, ಹುಲಸೂರು, ಚಿಟಗುಪ್ಪ, ವಡಗೇರಾ, ಹುಣಸಗಿಯಂಥ ಹೊಸ ತಾಲ್ಲೂಕಿನವರು ಹಳೆಯ ತಾಲ್ಲೂಕಿನ ಹೆಸರು ಬಿದ್ದಿದೆಯೋ ಅಂತ ಗಮನಿಸಿ. ಹೊಸದಾಗಿ ಕಂದಾಯ ಗ್ರಾಮವಾದ ತಾಂಡಾಗಳವರೂ ಅಷ್ಟೇ. 2023ರ ಜನವರಿಯಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಇಂಥ ಊರುಗಳ 50 ಸಾವಿರಕ್ಕೂ ಜಾಸ್ತಿ ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ನಿಮ್ಮ ತಾಂಡಾದ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ ಪಕ್ಕದ ಊರಿನ ಹೆಸರು ಹಾಕಿ ಮುಗಿಸಬೇಡಿ. ಪರದೆಯ ಫೋಟೋ ತೆಗೆಯಿರಿ. ಅದು ಹಂತ 6ಕ್ಕೆ ಬೇಕು.

ಆಪರೇಟರ್ ತಮ್ಮ ಫೋನ್ ನಂಬರ್ ಹಾಕಿ ಅರ್ಜಿ ಮುಗಿಸುವುದುಂಟು. ಸಹಾಯಕ್ಕೆಂದೇ ಹಾಕಿರಬಹುದು. ಆದರೆ ಆಕ್ಷೇಪಣೆಯ ಸಂದೇಶವೆಲ್ಲ ಅವರಿಗೆ ಹೋಗುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ. ನಿಮ್ಮದೇ ನಂಬರ್ ಹಾಕಿಸಿ.

ಡಿಜಿಲಾಕರ್ ಬಳಸುವವರಿಗೆ ಒಂದು ಮಾತು. ಅದರಲ್ಲಿ ಇಲಾಖೆಯೇ ನೇರವಾಗಿ ಕೊಟ್ಟ ದಾಖಲೆಗೆ ಮೂಲ ಪ್ರತಿಯಷ್ಟೇ ಬೆಲೆ ಇದೆ. ನೀವು ಫೋಟೋ ತೆಗೆದು ಸೇರಿಸಿದ್ದಕ್ಕೆ ಆ ಬೆಲೆ ಇಲ್ಲ.

ನಿಜವಾಗಿಯೂ ಸರ್ವರ್ ಇಲ್ಲದಿದ್ದರೆ? ಅದೂ ಆಗುತ್ತದೆ. ಸುಮ್ಮನೆ ವಾಪಸ್ ಬರಬೇಡಿ. ದಿನಾಂಕ, ಗಂಟೆ, ಕೇಂದ್ರದ ಹೆಸರು, ಪರದೆಯ ಮೇಲೆ ಬಂದ ಸಂದೇಶ ಬರೆದುಕೊಳ್ಳಿ. ಕೇಳಿ ಪರದೆಯ ಫೋಟೋ ತೆಗೆಯಿರಿ. ಕೊಡಬೇಕಾದ ಗಡುವು ಹತ್ತಿರ ಇದ್ದರೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ನಾಡಕಚೇರಿಯಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.

ಹಣ ಕೊಡುವಾಗ ರಸೀದಿಯಲ್ಲಿ ಅಚ್ಚಾದಷ್ಟೇ ಕೊಡಿ. ಮನೆಯಲ್ಲೇ ಅರ್ಜಿ ಹಾಕುವವರು ಜಾಲತಾಣದ ವಿಳಾಸ ನೋಡಿ: ಕೊನೆಗೆ "ಡಾಟ್ ಗವ್ ಡಾಟ್ ಇನ್" ಇಲ್ಲದಿದ್ದರೆ ಆಧಾರ್ ಸಂಖ್ಯೆ ಹಾಕಬೇಡಿ. ಯೋಜನೆಯ ಹೆಸರು ಹೇಳಿ ಫೋನಿನಲ್ಲಿ ಓಟಿಪಿ ಕೇಳಿದರೆ ಹೇಳಬೇಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಹಂತ 4: ದಿನ ಎಣಿಸಿ, ಮುಗಿದರೆ ಮೇಲ್ಮನವಿ ಹಾಕಿ

ಸಕಾಲ ನಮ್ಮ ಭಾಗಕ್ಕೆ ಹೊಸದಲ್ಲ. ಇಡೀ ರಾಜ್ಯಕ್ಕೆ ಬರುವ ಮೊದಲು 2012ರ ಮಾರ್ಚ್ 1ರಂದು ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗವಾಗಿ ಶುರುವಾಯಿತು. ಆ ನಾಲ್ಕರಲ್ಲಿ ಬೀದರ್ ಜಿಲ್ಲೆಯ ಔರಾದ್ ಒಂದು. ಏಪ್ರಿಲ್ 2ರಿಂದ ರಾಜ್ಯವೆಲ್ಲ ಬಂತು. ಇಷ್ಟು ವರ್ಷವಾದರೂ ಮೇಲ್ಮನವಿಯ ವಿಷಯ ನಮ್ಮ ಹಳ್ಳಿಗಳಿಗೆ ತಲುಪಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ.

ಸ್ವೀಕೃತಿ ಪತ್ರದಲ್ಲಿ ಜಿಎಸ್‌ಸಿ ಸಂಖ್ಯೆ ಮತ್ತು ಸೇವೆ ಕೊಡಬೇಕಾದ ದಿನಾಂಕ ಇರುತ್ತವೆ. ಲೆಕ್ಕ ಕೆಲಸದ ದಿನಗಳದ್ದು, ರಜೆ ಸೇರುವುದಿಲ್ಲ. ದಿನಾಂಕ ದಾಟಿತು, ಅಥವಾ ಅರ್ಜಿ ತಿರಸ್ಕರಿಸಿದರು ಅಂದರೆ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬೇಕು. ನಿಮ್ಮ ಅರ್ಜಿ ನೋಡಿದ ಅಧಿಕಾರಿಗಿಂತ ಮೇಲಿನವರು ಅವರು. ಅಲ್ಲೂ ಆಗದಿದ್ದರೆ ಇನ್ನೂ ಮೇಲಿನ ಅಧಿಕಾರಿಗೆ ಎರಡನೇ ಮೇಲ್ಮನವಿ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ. ತಡ ಮಾಡಿದ ಅಧಿಕಾರಿಯಿಂದಲೇ ಅದನ್ನು ವಸೂಲಿ ಮಾಡುತ್ತಾರೆ. ಅದು ತಾನಾಗಿ ಮನೆಗೆ ಬರುವುದಿಲ್ಲ, ಮೇಲ್ಮನವಿಯಲ್ಲಿ ಕೇಳಬೇಕು.

ಮೊತ್ತ ಸಣ್ಣದು, ಅದಕ್ಕಾಗಿ ಯಾಕೆ ಇಷ್ಟು ಓಡಾಟ ಅಂತ ಅನಿಸಬಹುದು. ಹಣಕ್ಕಿಂತ ದಾಖಲೆ ಮುಖ್ಯ ಇಲ್ಲಿ. ಒಂದೇ ಕಚೇರಿಯಿಂದ, ಒಂದೇ ಸೇವೆಗೆ ಮೇಲ್ಮನವಿ ಬರತೊಡಗಿದರೆ ಮೇಲಿನವರು ಕಾರಣ ಕೇಳಲೇಬೇಕಾಗುತ್ತದೆ.

ಎಚ್ಚರ: ಅರ್ಜಿಯ ಸ್ಥಿತಿ ನೋಡಿದಾಗ "ಆಕ್ಷೇಪಣೆ" ಅಂತಿದ್ದರೆ ಅದು ತಿರಸ್ಕಾರ ಅಲ್ಲ. ಏನೋ ದಾಖಲೆ ಕೇಳಿದ್ದಾರೆ. ಅದನ್ನು ಕೊಟ್ಟರೆ ಅದೇ ಅರ್ಜಿ ಮುಂದೆ ಹೋಗುತ್ತದೆ. ಮತ್ತೆ ಹೊಸ ಅರ್ಜಿ ಹಾಕಿದರೆ ಕಳೆದ ದಿನಗಳೆಲ್ಲ ಹಾಳು. ತಿರಸ್ಕಾರವೇ ಆಗಿದ್ದರೆ ಕಾರಣವನ್ನು ಬರಹದಲ್ಲಿ, ಹಿಂಬರಹವಾಗಿ ಕೇಳಿ. ಬಾಯಿಮಾತಿನ ಕಾರಣಕ್ಕೆ ಮೇಲ್ಮನವಿ ಹಾಕಲು ಬರುವುದಿಲ್ಲ.

ಹಂತ 5: ದೂರು ಕೊಡಿ, ಆದರೆ ಸರಿಯಾಗಿ ಬರೆಯಿರಿ

ರಾಜ್ಯದ ಯಾವ ಇಲಾಖೆಯ ಮೇಲಾದರೂ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ಕೊಡಬಹುದು. ಪಂಚಾಯಿತಿಗೆ ಸಂಬಂಧಿಸಿದ್ದಕ್ಕೆ ಪಂಚಮಿತ್ರ ವಾಟ್ಸಾಪ್ 8277506000 ಇದೆ. ಆಧಾರಿಗೆ 1947. ಕೇಂದ್ರದ ಉಳಿದ ಇಲಾಖೆಗಳಿಗೆ ಸಿಪಿಗ್ರಾಮ್ಸ್ ಜಾಲತಾಣ.

"ಯಾರೂ ಕೆಲಸ ಮಾಡೋದಿಲ್ಲ, ಬಡವರನ್ನು ಅಲೆದಾಡಿಸ್ತಾರೆ" ಅಂತ ಬರೆದರೆ ಅದು ನಿಜವೇ ಇರಬಹುದು, ಆದರೆ ಅದರ ಮೇಲೆ ಯಾರೂ ಏನೂ ಮಾಡಲಾರರು. ಹೀಗೆ ಬರೆಯಿರಿ:

"ದಿನಾಂಕ ಇಂಥದ್ದು, ಬೆಳಿಗ್ಗೆ 11 ಗಂಟೆಗೆ ಇಂಥ ನಾಡಕಚೇರಿಯಲ್ಲಿ ವಿಧವಾ ವೇತನಕ್ಕೆ ಅರ್ಜಿ ಹಾಕಲು ಹೋದೆ. ಆಧಾರ್ ದೃಢೀಕರಣದ ಪುಟದಲ್ಲಿ ಬೆರಳಚ್ಚು ತೆಗೆದುಕೊಳ್ಳಲಿಲ್ಲ. ಓಟಿಪಿ ಕೂಡ ಬರಲಿಲ್ಲ. ಬೇರೆ ದಾರಿ ಇಲ್ಲ ಅಂತ ವಾಪಸ್ ಕಳಿಸಿದರು. ಪರದೆಯ ಫೋಟೋ ಇದೆ. ಬೆರಳಚ್ಚು ಬಾರದವರಿಂದ ಅರ್ಜಿ ಪಡೆಯುವ ವಿಧಾನ ಏನು ಅಂತ ತಿಳಿಸಿ, ನನ್ನ ಅರ್ಜಿ ಸ್ವೀಕರಿಸಿ."

ಯಾವಾಗ, ಎಲ್ಲಿ, ಯಾವ ಸೇವೆ, ಯಾವ ಪುಟದಲ್ಲಿ ನಿಂತಿತು, ಏನು ಬೇಕು. ಇಷ್ಟು ಸಾಕು. ಒಂದು ದೂರಿನಲ್ಲಿ ಒಂದೇ ವಿಷಯ ಇರಲಿ. ಕೆಲಸ ಆಗದೆಯೇ "ವಿಲೇವಾರಿ ಮಾಡಲಾಗಿದೆ" ಅಂತ ಸಂದೇಶ ಬಂದರೆ ಹಳೆಯ ದೂರಿನ ಸಂಖ್ಯೆ ಹಾಕಿ ಮತ್ತೆ ಕೊಡಿ.

ಇಲ್ಲಿಗೆ ನಿಮ್ಮ ಸ್ವಂತ ಅರ್ಜಿಯ ಕೆಲಸ ಮುಗಿಯಿತು. ಮುಂದಿನ ಮೂರು ಹಂತ ಊರಿಗಾಗಿ. ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದ ಅಕ್ಕಂದಿರು, ಕಾಲೇಜು ಹುಡುಗ ಹುಡುಗಿಯರು, ಗ್ರಾಮ ಒನ್ ನಡೆಸುವವರು ದಯವಿಟ್ಟು ಓದುವುದನ್ನು ನಿಲ್ಲಿಸಬೇಡಿ.

ಹಂತ 6: ಊರಿಗೊಂದು ತೊಡಕಿನ ಪುಸ್ತಕ ಇಡಿ

ಇದು ಈ ಲೇಖನದ ಜೀವ. ಒಂದು ದಪ್ಪ ನೋಟ್‌ಬುಕ್ ತಗೊಳ್ಳಿ. ಪಂಚಾಯಿತಿಯ ಅರಿವು ಕೇಂದ್ರದಲ್ಲೋ, ಅಂದರೆ ಊರಿನ ಗ್ರಂಥಾಲಯದಲ್ಲೋ, ಸಂಘದ ಮನೆಯಲ್ಲೋ ಇಡಿ. ಆನ್‌ಲೈನ್ ಸೇವೆಗೆ ಹೋಗಿ ವಾಪಸ್ ಬಂದ ಪ್ರತಿಯೊಬ್ಬರದ್ದೂ ಒಂದೊಂದು ಸಾಲು ಬರೆಯಿರಿ: ದಿನಾಂಕ, ಓಣಿ ಅಥವಾ ತಾಂಡಾ, ಯಾವ ಸೇವೆ, ಎಲ್ಲಿ ಹೋಗಿದ್ದರು, ಎಲ್ಲಿ ನಿಂತಿತು, ಏನು ಹೇಳಿ ಕಳಿಸಿದರು, ಎಷ್ಟನೇ ಸಲ, ಎಷ್ಟು ಕೂಲಿ ಮತ್ತು ಬಸ್ ಖರ್ಚು ಹೋಯಿತು. ಕೊನೆಯ ಕಾಲಂ ಖಾಲಿ ಬಿಡಿ.

ಅರ್ಜಿಯನ್ನೇ ಹಾಕದವರನ್ನು ಬಿಡಬೇಡಿ. "ಅದೆಲ್ಲಾ ನನಗ್ಯಾಕ, ಓದಾಕ ಬರಂಗಿಲ್ಲ" ಅಂತ ಮನೆಯಲ್ಲೇ ಉಳಿದ ಅಜ್ಜಿಯ ಹೆಸರೇ ಮೊದಲು ಬರಬೇಕು. ಅವರ ಮನೆ ಬಾಗಿಲಿಗೆ ಹೋಗಿ ಕೇಳಿ.

ಎಚ್ಚರ: ಪುಸ್ತಕದಲ್ಲಿ ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ಓಟಿಪಿ, ಕಾಯಿಲೆಯ ವಿವರ ಬರೆಯಲೇಬೇಡಿ. ಹೆಸರು ಬೇಡ ಅಂದವರಿಗೆ ಓಣಿಯ ಹೆಸರು ಮಾತ್ರ ಸಾಕು. ಜನರ ವಿವರ ಸೋರಿದರೆ ಸಹಾಯ ಮಾಡಲು ಹೋಗಿ ತೊಂದರೆ ಕೊಟ್ಟಂತಾಗುತ್ತದೆ.

ಒಂದೆರಡು ತಿಂಗಳು ಬರೆದ ಮೇಲೆ ಸಾಲುಗಳನ್ನು ಬೇರೆ ಮಾಡಿ. ಹಸನು ಮಾಡಲು ಕೂತಾಗ ಕಾಳು, ಕಲ್ಲು, ಹೊಟ್ಟು ಬೇರೆ ಮಾಡುವಂತೆ, ತಾಳ್ಮೆಯಿಂದ. ಸಾಮಾನ್ಯವಾಗಿ ನಾಲ್ಕು ಗುಂಪು ಬರುತ್ತವೆ.

ಕೇಂದ್ರದ ತೊಂದರೆ: ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ತೆರೆಯುವ ಸಮಯ ಗೊತ್ತಿಲ್ಲ, ಪ್ರಿಂಟರ್ ಕೆಟ್ಟಿದೆ. ಇದು ಪಂಚಾಯಿತಿ ಮತ್ತು ತಾಲ್ಲೂಕು ಮಟ್ಟದಲ್ಲೇ ಸರಿಯಾಗುತ್ತದೆ. ಜನರ ದಾಖಲೆಯ ತೊಂದರೆ: ಹೆಸರು ಹೊಂದುವುದಿಲ್ಲ, ನಂಬರ್ ಸತ್ತಿದೆ. ಒಂದು ದಿನ ಆಧಾರ್ ಯಂತ್ರವನ್ನು ಊರಿಗೇ ತರಿಸಿದರೆ ಇದರಲ್ಲಿ ಬಹಳಷ್ಟು ಕರಗುತ್ತದೆ.

ಮೂರನೆಯದು ಫಾರಮ್ಮಿನ ತೊಂದರೆ. ಊರಿನ ಹೆಸರು ಪಟ್ಟಿಯಲ್ಲಿಲ್ಲ. ಇಮೇಲ್ ಇಲ್ಲದೆ ಮುಂದೆ ಹೋಗುವುದಿಲ್ಲ. ಕನ್ನಡ ಆಯ್ಕೆ ಒತ್ತಿದರೂ ತಪ್ಪಿನ ಸಂದೇಶ ಇಂಗ್ಲಿಷಿನಲ್ಲೇ ಬರುತ್ತದೆ. ಫೋಟೋ ಇಷ್ಟೇ ಗಾತ್ರ ಇರಬೇಕು ಅನ್ನುತ್ತದೆ, ಕಡಿಮೆ ಮಾಡುವುದು ಹೇಗೆ ಅಂತ ಹೇಳುವುದಿಲ್ಲ. ಇದನ್ನು ಊರಲ್ಲಾಗಲಿ ತಾಲ್ಲೂಕಿನಲ್ಲಾಗಲಿ ಸರಿಮಾಡಲು ಬರುವುದಿಲ್ಲ. ಬೆಂಗಳೂರಿನಲ್ಲಿ ಆ ಜಾಲತಾಣ ನಡೆಸುವವರಿಗೇ ಹೋಗಬೇಕು. ಅವರಿಗೆ ಗೊತ್ತಾಗಲು ನಿಮ್ಮ ಫೋಟೋ ಮತ್ತು ಈ ಪುಸ್ತಕ ಬಿಟ್ಟರೆ ಬೇರೆ ದಾರಿ ಕಡಿಮೆ.

ನಾಲ್ಕನೆಯದು ನಿಯಮದ ತೊಂದರೆ. ಗಂಡ ಸತ್ತಿದ್ದು ಗುಳೆ ಹೋದ ಊರಲ್ಲಿ, ಮರಣ ಪತ್ರ ಬೇರೆ ರಾಜ್ಯದ ಭಾಷೆಯಲ್ಲಿದೆ, ಫಾರಂ ಅದನ್ನು ಒಪ್ಪುವುದಿಲ್ಲ. ಇಂಥದ್ದಕ್ಕೆ ಆದೇಶವೇ ಬೇಕು. ಜಿಲ್ಲಾಧಿಕಾರಿಗೆ, ಶಾಸಕರಿಗೆ ಬರೆಯಬೇಕು.

ಈ ನಾಲ್ಕನ್ನೂ ಒಂದೇ ಮನವಿಯಲ್ಲಿ ಕಲಸಿ ಕೊಟ್ಟರೆ ಯಾರೂ ತಮ್ಮದು ಅಂತ ಎತ್ತಿಕೊಳ್ಳುವುದಿಲ್ಲ. ಬೇರೆ ಮಾಡಿ ಕೊಟ್ಟರೆ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಹಂತ 7: ಕೂತು ನೋಡಿ, ಕೈ ಹಾಕಬೇಡಿ

ಫಾರಮ್ಮಿನ ತೊಂದರೆ ಖಚಿತವಾಗಿ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಬೇರೆ ಬೇರೆ ರೀತಿಯ ಐದಾರು ಮಂದಿಯನ್ನು ಕರೆಯಿರಿ. ಓದು ಕಡಿಮೆ ಇರುವ ಹೆಂಗಸು, ಮರಾಠಿಯೋ ಉರ್ದುವೋ ಮನೆಮಾತಾದ ಹಿರಿಯರು, ಲಂಬಾಣಿ ತಾಂಡಾದವರು, ಕಣ್ಣು ಮಂಜಾದವರು, ಕಾಲೇಜು ಹುಡುಗಿ. ಅವರ ಫೋನಿನಲ್ಲೇ, ಅವರಿಗೆ ನಿಜವಾಗಿ ಬೇಕಾದ ಸೇವೆಯ ಪುಟ ತೆರೆದುಕೊಡಿ. ಅವರೇ ಮಾಡಲಿ. ನೀವು ಪಕ್ಕದಲ್ಲಿ ಕೂತು ನೋಡಿ. ಎಲ್ಲಿ ಬೆರಳು ನಿಂತಿತು, ಯಾವ ಪದ ಅರ್ಥವಾಗಲಿಲ್ಲ, ಎಲ್ಲಿ ತಪ್ಪು ಬಟನ್ ಒತ್ತಿದರು, ಬರೆದುಕೊಳ್ಳಿ.

ಸಹಾಯ ಮಾಡಬೇಕು ಅಂತ ಕೈ ತುರಿಸುತ್ತದೆ. ತಡೆದುಕೊಳ್ಳಿ. ನೀವು ಬಟನ್ ತೋರಿಸಿದ ಕೂಡಲೇ ತೊಂದರೆ ಮರೆಯಾಗುತ್ತದೆ, ಮನೆಗೆ ಹೋದ ಮೇಲೆ ಅವರಿಗೆ ಮತ್ತೆ ಅದೇ ಕಾಟ. ಪರೀಕ್ಷೆ ಮುಗಿದ ಮೇಲೆ ಅವರ ಅರ್ಜಿಯನ್ನು ನೀವೇ ಕೂತು ಪೂರ್ತಿ ಮಾಡಿಕೊಡಿ. ಸುಮ್ನೆ ನೋಡಿ ಕಳಿಸುವುದು ನ್ಯಾಯವಲ್ಲ.

ಅಂಗವಿಕಲರಿಗೆ ಆದ ತೊಡಕನ್ನು ಬೇರೆ ಪುಟದಲ್ಲಿ ಬರೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವರ ಬೆನ್ನಿಗಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿದೆ. ಕಣ್ಣು ಮಿಟುಕಿಸಿ ಗುರುತು ಕೊಡಬೇಕಾದ ಪರೀಕ್ಷೆಯಲ್ಲಿ ಅಂಧರು, ಆಸಿಡ್ ದಾಳಿಗೆ ಒಳಗಾದವರು ಸಿಕ್ಕಿಹಾಕಿಕೊಂಡ ವಿಷಯವೇ ಆ ಪ್ರಕರಣದಲ್ಲಿತ್ತು. ಮನವಿಯಲ್ಲಿ ಈ ತೀರ್ಪಿನ ದಿನಾಂಕ ಬರೆಯಿರಿ.

ಹಂತ 8: ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ

ಗ್ರಾಮಸಭೆ 6 ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ. ವಿಷಯಪಟ್ಟಿಗೆ ಸೇರಿಸಲು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅವರಿಗೆ ಮುಂಚೆಯೇ ಬರೆದುಕೊಡಿ. ಸಭೆಯಲ್ಲಿ ಎದ್ದು ನಿಂತು ಕೂಗಿದರೆ ನಡಾವಳಿಯಲ್ಲಿ, ಅಂದರೆ ಸಭೆಯ ದಾಖಲೆಯಲ್ಲಿ, ಏನೂ ಉಳಿಯುವುದಿಲ್ಲ.

ಪಂಚಾಯಿತಿ ತಾನೇ ಮಾಡಬಹುದಾದದ್ದು ಕಡಿಮೆಯೇನಿಲ್ಲ. ಕೇಂದ್ರದ ಸಮಯ ಮತ್ತು ದರದ ಫಲಕ, ಕರೆಂಟ್ ಹೋದರೆ ಬ್ಯಾಟರಿ, ಕೂರಲು ಬೆಂಚು, ಕುಡಿಯುವ ನೀರು. ಗ್ರಾಮ ಆಡಳಿತ ಅಧಿಕಾರಿ ವಾರದಲ್ಲಿ ಯಾವ ದಿನ ಊರಲ್ಲಿ ಸಿಗುತ್ತಾರೆ ಅಂತ ಗೋಡೆಗೆ ಬರೆಸಲು ತಹಶೀಲ್ದಾರರನ್ನು ಕೇಳುವುದು. ಸೇವೆ ಆನ್‌ಲೈನ್ ಆಯಿತು ಅಂತ ಮನುಷ್ಯರ ಕೆಲಸ ಮುಗಿಯಿತು ಅಂದುಕೊಂಡಿದ್ದೇ ಅರ್ಧ ತೊಂದರೆಗೆ ಕಾರಣ ಅನ್ನುವುದು ನನ್ನ ಅಭಿಪ್ರಾಯ. ಪಕ್ಕದಲ್ಲಿ ಕೂತು ಓದಿ ಹೇಳುವ ಒಬ್ಬರು ವಾರಕ್ಕೆ ಒಂದು ಮಧ್ಯಾಹ್ನ ಅರಿವು ಕೇಂದ್ರದಲ್ಲಿ ಸಿಕ್ಕರೆ ಎಷ್ಟೋ ಮನೆಗೆ ಏಜೆಂಟರ ಖರ್ಚು ಉಳಿಯುತ್ತದೆ.

ಫಾರಂ ಮತ್ತು ನಿಯಮದ ತೊಂದರೆಗೆ ನಿರ್ಣಯ ಹೀಗಿರಲಿ: "ಇಂಥ ಸೇವೆಯ ಪುಟದಲ್ಲಿ ನಮ್ಮ ಗ್ರಾಮದ ಹೆಸರು ಇಲ್ಲ. ಇದರಿಂದ ಇಷ್ಟು ತಿಂಗಳಲ್ಲಿ ಇಷ್ಟು ಮಂದಿ ವಾಪಸ್ ಹೋಗಿದ್ದಾರೆ. ಹೆಸರು ಸೇರಿಸುವವರೆಗೆ ಕಾಗದದ ಅರ್ಜಿ ಸ್ವೀಕರಿಸಬೇಕು." ಪುಸ್ತಕದ ಜೆರಾಕ್ಸ್ ಮತ್ತು ಫೋಟೋ ಲಗತ್ತಿಸಿ. ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ಜಿಲ್ಲಾಧಿಕಾರಿಗೆ, ಒಂದು ಸಂಬಂಧಿಸಿದ ಇಲಾಖೆಗೆ. ಪ್ರತಿಯೊಂದಕ್ಕೂ ಸ್ವೀಕೃತಿ ಪಡೆಯಿರಿ.

ಎಚ್ಚರ: ಆಪರೇಟರನ್ನು ತಪ್ಪಿತಸ್ಥರಾಗಿ ನಿಲ್ಲಿಸಬೇಡಿ. ಯಾವ ಪುಟ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಇಲ್ಲ. ಅವರನ್ನು ಜೊತೆಗೆ ತಗೊಂಡರೆ ಮನವಿಗೆ ಬಲ ಬರುತ್ತದೆ. ರಸೀದಿ ಮೀರಿ ಹಣ ಕೇಳುವವರ ವಿಷಯ ಬೇರೆ. ಅದಕ್ಕೆ ಲೋಕಾಯುಕ್ತ ಇದೆ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಇದು ಗೊತ್ತಿಲ್ಲದೆ ಉದ್ದ ಬರೆದ ಅರ್ಜಿ ವಾಪಸ್ ಬರುತ್ತವೆ. "ಯಾಕೆ ಮಾಡಿಲ್ಲ?" ಅಂತ ಕೇಳಬೇಡಿ, ದಾಖಲೆ ಕೇಳಿ: ನಮ್ಮ ನಿರ್ಣಯದ ಮೇಲೆ ಕೈಗೊಂಡ ಕ್ರಮದ ಪ್ರತಿ, ಇಂಥ ಸೇವೆಗೆ ಮೂರು ತಿಂಗಳಲ್ಲಿ ತಿರಸ್ಕರಿಸಿದ ಅರ್ಜಿಗಳ ಸಂಖ್ಯೆ ಮತ್ತು ಕಾರಣ. ಅಲ್ಲೂ ಸಿಗದಿದ್ದರೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಲ್ಲೇ ಇರುವುದರಿಂದ ಬೆಂಗಳೂರಿಗೆ ಹೋಗುವ ಚಿಂತೆ ಇಲ್ಲ.

"ಸರಿಪಡಿಸಲಾಗಿದೆ" ಅಂತ ಪತ್ರ ಬಂದ ದಿನ ಪುಸ್ತಕ ತೆಗೆಯಿರಿ. ಅದೇ ತೊಂದರೆಯಿಂದ ವಾಪಸ್ ಬಂದಿದ್ದ ಇಬ್ಬರು ಮೂವರನ್ನು ಅದೇ ಕೇಂದ್ರಕ್ಕೆ ಮತ್ತೆ ಕಳಿಸಿ. ಅವರ ಕೈಗೆ ನಂಬರ್ ಬಂದರೆ ಖಾಲಿ ಬಿಟ್ಟ ಕೊನೆಯ ಕಾಲಂನಲ್ಲಿ ದಿನಾಂಕ ಹಾಕಿ. ಬರದಿದ್ದರೆ ಅವರಿಗೆ ಹೊಸ ಸಾಲು ಬರೆದು, ಆ ಪತ್ರದ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆದು, ಮುಂದಿನ ವಾರ್ಡ್ ಸಭೆಯ ವಿಷಯಪಟ್ಟಿಗೆ ಕೊಡಿ.